ಎಡಬದಿಯ ಉಬ್ಬು

ಜುಲೈ 29
ಕಾಲೇಜಿನ ಪಾಠ ಮುಗಿಸಿ ಕುಮಟಾದಿಂದ ಕಡಲತಡಿಯ ಬಾಡಕ್ಕೆ ಹೋಗಿ ಬಂದೆ. ಅಲ್ಲಿನ ಶಾಲೆಯ ತಾರಸಿಯ ಮೇಲೆ ನಾನಿಟ್ಟ ಗಾಳಿಮಾಪಕಕ್ಕೆ ಉಪ್ಪು ಹಿಡಿದಿತ್ತು. ಒರೆಸಿದೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅದರ ಹೆಸರು ‘ಮಾಲತಿ ಮೇಡಂ ಫ್ಯಾನು’. ಇರಲಿ, ನಕ್ಕೊಳ್ಳಲಿ.

ಅದರ ಅಳತೆ ನೆಟ್‌ನಲ್ಲಿ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ. ಇವತ್ತಿನ ಗ್ರಾಫ್ ಚೆಂದ. ಎಡಕ್ಕೆ ಗಾಳಿಯ ದೊಡ್ಡ, ನಿಧಾನದ ಸುಳಿಗಳು, ಬಲಕ್ಕೆ ಸಣ್ಣವು. ದೊಡ್ಡದು ತನ್ನ ಶಕ್ತಿಯನ್ನು ಸಣ್ಣದಕ್ಕೆ ಹಂಚುತ್ತ ಹೋಗುತ್ತದೆ, ಕೊನೆಗೆ ಬಾಳೆಎಲೆ ಅಲುಗುವಷ್ಟು. ಗೆರೆ ಜಾರುಬಂಡಿಯ ಹಾಗೆ ಇಳಿದಿದೆ.

ಆಗಸ್ಟ್ 5
ಗ್ರಾಫಿನ ಎಡಬದಿ ಉಬ್ಬಿದೆ. ಸೆನ್ಸರ್ ಕೆಟ್ಟಿತೇನೋ ಎಂದು ನೋಡಿದೆ — ಕೆಟ್ಟಿಲ್ಲ. ಸರಾಸರಿ ವೇಗ ಹೋದ ವಾರದಷ್ಟೇ. ಆದರೆ ಗಾಳಿ ಹರಡಿಕೊಳ್ಳದೆ ಮುದ್ದೆ ಮುದ್ದೆಯಾಗಿ ಬರುತ್ತಿದೆ. ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಒಂದು ಒದೆ. ಇಷ್ಟವಾಗಲಿಲ್ಲ.

ಆಗಸ್ಟ್ 8
ಭಟ್ಕಳ, ಅಮ್ಮನ ಮನೆ. ಉಬ್ಬು ಇನ್ನೂ ಬೆಳೆದಿದೆ. ನಾಳೆ ನೂಲಹುಣ್ಣಿಮೆ, ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ನಾಡಿದ್ದು ಬೋಟು ಇಳಿಸುತ್ತಾರೆ. ತಮ್ಮ ಗುರುದತ್ತ ಈ ವರ್ಷ ಮೊದಲ ಸಲ ತಾಂಡೇಲ — ಬೋಟು ಅವನ ಕೈಯಲ್ಲಿ. ಗ್ರಾಫ್ ತೋರಿಸಿದೆ. ಅವನು ಮೊಬೈಲ್ ತೋರಿಸಿದ.

“ಅಕ್ಕಾ, ಆ್ಯಪಲ್ಲಿ ಹಸಿರೇ ಇದ್ಯಲ್ಲೆ. ಗಾಳಿ ಹದಿನೆಂಟು ಕಿಲೋಮೀಟ್ರು.”

“ಅದು ಸರಾಸರಿ.”

“ಸರಾಸರಿ ಅಂದ್ರೆ ಎಂತ, ಸುಳ್ಳಾ?”

ಸುಳ್ಳಲ್ಲ. ಅದೇ ತೊಂದರೆ. ಬಲೆ ಎಳೆಯುವಾಗ ಬೋಟು ಒಂದು ಬದಿಗೆ ವಾಲಿರುತ್ತದೆ. ಆಗ ಮಗುಚಲು ಒಂದೇ ಒದೆ ಸಾಕು. ಹೇಳಿದೆ. ನಕ್ಕ.

ಆಗಸ್ಟ್ 10, ಬೆಳಿಗ್ಗೆ 6
ಎದ್ದವಳೇ ಲ್ಯಾಪ್‌ಟಾಪ್ ತೆರೆದೆ. ಬಾಡದ ಉಬ್ಬು ಪರದೆ ದಾಟಿದೆ. ಬಾಗಿಲಿಗೆ ಓಡಿದೆ — ಗುರು ಗೇಟು ದಾಟಿದ್ದ. ಕೂಗಲು ಬಾಯಿ ತೆರೆದೆ. ಅಮ್ಮ ಕೈ ಹಿಡಿದರು.

“ಹೊರಟವ್ನ ಹಿಂದಿಂದ ಕರೀಬಾರ್ದು.”

“ಫೋನಾದ್ರೂ ಮಾಡ್ತೆ ಅಮ್ಮಾ.”

“ಅದೂ ಕರೆಯೂದೇ. ಬಲೆ ಬಿಟ್ಮೇಲೆ ಅವ್ನೇ ಮಾಡ್ತ. ಆತಾ?”

ಎಂ.ಎಸ್ಸಿ. ಫಿಸಿಕ್ಸ್. ಆದರೂ ಫೋನ್ ಕೆಳಗಿಟ್ಟೆ… ಕರೆದದ್ದಕ್ಕೇ ಏನಾದರೂ ಆದರೆ ಎಂಬ ಹೆದರಿಕೆ ನನಗೂ ಇತ್ತು. ನಾಚಿಕೆಯಾಗುತ್ತಿದೆ.

9.30
ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾನಂತೆ. ಬಂದರಿಗೆ ಓಡಿದೆ. ಬೋಟಿನ ಮಾಲೀಕ ದುರ್ಗಪ್ಪ ವೈರ್‌ಲೆಸ್ ತಿರುವಿದರು, ಬರೀ ಕರಕರ. “ಬಾಡದ ಹೊರಗೆ ಬಂಗ್ಡೆ ಮೀನು ಎದ್ದಿದೆ ಅಂತ ಅತ್ಲಾಗೆ ಹೋದ್ರು ತಂಗಿ.”

ಬೇರೆಲ್ಲೂ ಅಲ್ಲ, ಬಾಡದ ಹೊರಗೆ.

ಮಧ್ಯಾಹ್ನ 12.40
ಇಲ್ಲಿ ಬಿಸಿಲು. ಎಲೆ ಅಲುಗುತ್ತಿಲ್ಲ. ಅಮ್ಮ ಅನ್ನ ಬಸಿಯುತ್ತ, “ನೋಡು, ಗಾಳಿನೇ ಇಲ್ಲ,” ಎಂದರು.

ಪರದೆಯ ಮೇಲೆ ಬಾಡದ ಗಾಳಿವೇಗದ ಗೆರೆ ಮಲಗಿತ್ತು. ಈಗ ಎದ್ದಿತು. ಈ ಎತ್ತರ ನಾನು ಕಂಡದ್ದೇ ಇಲ್ಲ. ಬೀಸಿದ್ದು ಪಶ್ಚಿಮದಿಂದ. ಅಂದರೆ ಇದು ಬರಲಿರುವ ಗಾಳಿಯಲ್ಲ — ಸಮುದ್ರ ದಾಟಿ, ಗುರುವಿನ ಬೋಟನ್ನು ದಾಟಿ, ದಡಕ್ಕೆ ಬಂದದ್ದು.

ಅಮ್ಮ ನನ್ನ ಮುಖ ನೋಡಿದರು. ಒದ್ದೆ ಕೈಯಲ್ಲೇ ನನ್ನ ಫೋನ್ ಕಸಿದುಕೊಂಡಿದ್ದಾರೆ. ಅವರಿಗೆ ಓದಲು ಬಾರದು. “ಇದ್ರಲ್ಲಿ ಗುರುಂದು ಯಾವ್ದೆ, ತೋರ್ಸು. ನಾನೇ ಕರೀತೆ ಅವ್ನ, ನಾನೇ ಕರೀ—