ಎಮ್ಮೆಯ ಚಾಲ

ಸದಲಗಾ
೧೨ ಆಗಸ್ಟ್ ೨೦೨೪

ಪ್ರೀತಿಯ ತಂಗಿ ಮನಿಷಾ,

ಹೇಗಿದ್ದೀ? ಮೈಸೂರಿನ ಊಟ ಒಗ್ಗಿತೇ? ರೊಟ್ಟಿ ಸಿಗದೆ ನೀನು ಸೊರಗಿರುತ್ತೀ ಎಂದು ಅವ್ವ ದಿನಾ ಕೊರಗುತ್ತಾಳೆ. ಎದುರಿಗೇ ಇರುವ ನನ್ನನ್ನು ಉಂಡೆಯಾ ಎಂದು ಕೇಳುವವರಿಲ್ಲ, ಇರಲಿ.

ನೀನು ಆರು ತಿಂಗಳ ತರಬೇತಿಗೆ ಹೋದಮೇಲೆ ನಿನ್ನ ಹಾಡು ಕಟ್ಟುವ ತರಗತಿ ನನ್ನ ಕೊರಳಿಗೆ ಬಿತ್ತಲ್ಲ, ಮೊದಲ ವಾರ ಹಲಗೆಯ ಮೇಲೆ ಪದ್ಯ ಬರೆದು, ಪ್ರಾಸ ಕೂಡಿಸಿ ಎಂದೆ. ಮಕ್ಕಳು ಆಕಳಿಸಿದರು. ಒಬ್ಬೊಬ್ಬರ ಬುದ್ಧಿ ಒಂದೊಂದು ಕಡೆ ಇರುತ್ತದೆ, ಲೆಕ್ಕ ಬಲ್ಲವರಿಗೆ ತಾಳ ಕೊಡಬೇಕು, ಮಾತಿನ ಮಲ್ಲರಿಗೆ ಸಾಲು ಕೊಡಬೇಕು, ಕೂತಲ್ಲಿ ಕೂರದವರನ್ನು ಕುಣಿಯಲು ಬಿಡಬೇಕು ಎಂದು ನಿನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀ. ಓದಿ ಮೂಗು ಮುರಿದೆ. ಆಮೇಲೆ ಬೇರೆ ದಾರಿ ಕಾಣದೆ ಹಾಗೇ ಮಾಡಿದೆ.

ಎರಡು ಸಾಲು ನೆಟ್ಟಗೆ ಓದಲು ಬಾರದ ಪೂನಮ ಗೊತ್ತಲ್ಲ, ಎಮ್ಮೆ ಸಾಕುವ ಮಾಳಸಿದ್ದನ ಮಗಳು? ಹಾಡಿಗೆ ಚಾಲ ಹಚ್ಚಿರಿ ಎಂದೆ, ಧಾಟಿ ಎಂಬ ಅರ್ಥದಲ್ಲಿ. ಅವಳು ನಡಿಗೆ ಎಂದು ತಿಳಿದು ಬೆಂಚುಗಳ ನಡುವೆ ನಡೆದೇಬಿಟ್ಟಳು. ಗದರಿಸಿದೆ. "ನೀವ ಚಾಲ ಅಂದ್ರಲ್ರಿ. ನಮ್ಮ ಎಮ್ಮಿ ಹಿಂಗ ನಡಿತೈತ್ರಿ," ಎಂದಳು. ದೂಧಗಂಗಾ ಹೊಳೆಗೆ ಹೋಗುವಾಗ ಓಟ, ಮನೆಗೆ ಬರುವಾಗ ಒಲ್ಲದ ಹೆಜ್ಜೆ. ಲೆಕ್ಕದಲ್ಲಿ ಚುರುಕಾದ ಹುಡುಗ ಸಂಭಾಜಿ ಆ ಹೆಜ್ಜೆ ಎಣಿಸಿ ಬೆಂಚು ಬಡಿದ, ಉಳಿದವರು ಸಾಲು ಕಟ್ಟಿದರು: "ನೀರಿಗೆ ಹೋಗ್ತೈತಿ ದಡದಡ, ಮನಿಗೆ ಬರ್ತೈತಿ ತಡತಡ." ಹದಿನಾಲ್ಕು ವರ್ಷದ ನೌಕರಿಯಲ್ಲಿ ನನ್ನೆದುರು ಹುಟ್ಟಿದ ಮೊದಲ ಹಾಡು. ಖುಷಿಗೆ ಕಣ್ಣು ತುಂಬಿತು. ಅಷ್ಟರಲ್ಲಿ ಸಂಭಾಜಿ, "ಮನಿಷಾ ಟೀಚರ್ ಇದ್ದಿದ್ರ ಇನ್ನೂ ಚಲೋ ಆಗ್ತಿತ್ರಿ," ಎಂದ.

ಹೊಟ್ಟೆ ಉರಿಯಿತು, ಮನಿಷಾ. ಸುಳ್ಳೇಕೆ ಹೇಳಲಿ. ಚಿಕ್ಕಂದಿನಿಂದ ಹಾಡೆಂದರೆ ನೀನೇ. ಬಂದ ನೆಂಟರ ಮುಂದೆ ಅವ್ವ ನಿನ್ನನ್ನು ಹಾಡಲು ಕೂರಿಸಿ, ನನ್ನನ್ನು ಚಹಾ ತರಲು ಕಳಿಸುತ್ತಿದ್ದಳು. ಈಗ ಚಿಕ್ಕೋಡಿಯಲ್ಲಿ ನಡೆಯುವ ಮಕ್ಕಳ ಹಾಡಿನ ಸ್ಪರ್ಧೆಗೆ ಈ ಹಾಡನ್ನೇ ಕಳಿಸಿದ್ದೇನೆ. ಶಾಲೆಯಲ್ಲಿ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಹಾಗೆಂದ ಮೇಲೆ ನಿನ್ನ ಹೆಸರು ಎತ್ತುತ್ತಾರೆ.

ಮೈಕೈ ಜೋಪಾನ. ಅವ್ವನ ಆಶೀರ್ವಾದದಲ್ಲಿ ಎಂದಿನಂತೆ ನಿನ್ನ ಪಾಲೇ ಹೆಚ್ಚು, ಒಪ್ಪಿಸಿಕೋ.

ನಿನ್ನ ಅಕ್ಕ,
ಶುಭಾಂಗಿ

ತಾ.ಕ.: ಅರ್ಜಿಯಲ್ಲಿ 'ಹಾಡು ಕಟ್ಟಲು ಕಲಿಸಿದವರು' ಎಂಬಲ್ಲಿ ನನ್ನೊಬ್ಬಳ ಹೆಸರನ್ನೇ ಬರೆದಿದ್ದೇನೆ. ತಿದ್ದಿಸಲು ನಾಡಿದ್ದು ಕಡೆಯ ದಿನ. ಕಾಗದ ಮೈಸೂರು ಮುಟ್ಟಲು ನಾಲ್ಕು ದಿನ ಬೇಕು. ಫೋನ್ ಮಾಡದೆ ಬರೆದದ್ದು ಅದಕ್ಕೇ.