ಅರ್ಜಿಯಲ್ಲಿ ತೀರಿಕೊಂಡ ಅಜ್ಜ

ಚಿ. ಪ್ರಾಚಿಗೆ,

ಮೇಜಿನ ಮೇಲಿದ್ದ ನಿನ್ನ ಕಾಲೇಜು ಅರ್ಜಿಯ ಪ್ರಬಂಧವನ್ನು ಓದಿದೆ. ಎರಡನೆಯ ಪರಿಚ್ಛೇದದಲ್ಲಿ ನಾನು ಹೋದ ವರ್ಷವೇ ಹೃದಯಾಘಾತದಿಂದ ತೀರಿಕೊಂಡಿದ್ದೇನೆ. ಆ ದುಃಖವೇ ನಿನ್ನನ್ನು ಮನಶ್ಶಾಸ್ತ್ರದ ಕಡೆಗೆ ತಿರುಗಿಸಿತಂತೆ. ಓದಿ ಹೇಳಿದ್ದೇ ತಡ, ನಿನ್ನ ಅಜ್ಜಿ, "ಹೋದವ್ರ ಚಾಕ್ಕ ಸಕ್ರಿ ಎಷ್ಟ ಹಾಕ್ಲಿರಿ?" ಎಂದಳು.

ನಿನ್ನ ಜನನ ಪ್ರಮಾಣಪತ್ರವನ್ನು ನಿನ್ನ ಸೋದರಮಾವ ಗೋಕಾಕದಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದಾನೆ. ಅದನ್ನು ತರಲು ಈ ದಿವಂಗತ ಕಾತ್ರಜದ ಬಸ್ ನಿಲ್ದಾಣಕ್ಕೆ ಹೊರಟಿದ್ದಾನೆ. ಉಪ್ಪಿಟ್ಟು ಒಲೆಯ ಮೇಲಿದೆ. ತಿಂದೇ ಬರೆಯಲು ಕೂರು.

ಅರ್ಜಿಗೆ ಇಂದು ಸಂಜೆ ಐದು ಗಂಟೆಯೇ ಗಡುವು. ಕಡೆಯ ಪುಟದಲ್ಲಿರುವ ಪಾಲಕನ ರುಜು ನನ್ನದು, ತಾರೀಖು ನಿನ್ನೆಯದು. ಹೋದ ವರ್ಷ ಸತ್ತವನು ನಿನ್ನೆ ರುಜು ಹಾಕಿದನೆಂದರೆ ಯಾವ ಕಾಲೇಜು ನಿನಗೆ ಸೀಟು ಕೊಟ್ಟೀತು? ಆ ಪರಿಚ್ಛೇದವನ್ನು ಹೊಡೆದುಹಾಕು.

"ಅಜ್ಜಾ, ಪೇಪರ್ ಬಂದಕೂಡ್ಲೆ ನಿಧನವಾರ್ತೆನೇ ಯಾಕ ಮೊದ್ಲ ನೋಡ್ತಿ?" ಎಂದು ಮೊನ್ನೆ ನೀನು ಕೇಳಿದೆ. ನಾನು ಉತ್ತರಿಸದೆ ಎದ್ದು ಹೋದೆ. ಅದನ್ನು ಬರೆ. ಅದು ನಡೆದದ್ದು, ಮನಶ್ಶಾಸ್ತ್ರವೂ ಹೌದು.

ಹನ್ನೆರಡಕ್ಕೆ ಬರುತ್ತೇನೆ. ಅಷ್ಟರೊಳಗೆ ನನ್ನನ್ನು ಬದುಕಿಸಿಟ್ಟಿರು, ಉತ್ತರ ಹೇಳುತ್ತೇನೆ.

ನಿನ್ನ ಅಜ್ಜ