ಒಂದೇ ರಸ್ತೆ, ಎರಡು ಸ್ಕೂಟರು

ಮಾರ್ಚ್ 9, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ತಕರಾರಿಗೆ,

ನಿನ್ನ ಸೋದರತ್ತೆಯ ಆಶೀರ್ವಾದಗಳು. ನೀನು ಬರೆದ ಕಂಪ್ಯೂಟರ್ ಪ್ರೋಗ್ರಾಂ ಕಳಿಸಿ ಬಹಳ ದಿನಗಳಾದವು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಅದನ್ನು ಸಾಲು ಸಾಲಾಗಿ ಓದದೆ ಏನನ್ನೂ ಬರೆಯಬಾರದೆಂದುಕೊಂಡಿದ್ದೆ. ಫೋನು ಮಾಡಬಹುದಿತ್ತು, ನಿಜ. ಆದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ತಕರಾರು ತೆಗೆಯುತ್ತೀಯೆ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಾಗದು.

ನನ್ನ ಸಂಜೆಯ ಕಂಪ್ಯೂಟರ್ ತರಗತಿ ಚೆನ್ನಾಗಿ ನಡೆದಿದೆ. ನಿನಗೆ ಕಲಿಸಿದಂತೆಯೇ ಇವರಿಗೂ ಚೆಂಡಿನಿಂದ ಆರಂಭಿಸಿದೆ. ಕ್ಲಾಸ್ ಎಂದರೆ ಅಚ್ಚು, ಆಬ್ಜೆಕ್ಟ್ ಎಂದರೆ ಆ ಅಚ್ಚಿನಿಂದ ಬಂದ ಒಂದೊಂದು ಚೆಂಡು. ಪ್ರತಿಯೊಂದಕ್ಕೂ ತನ್ನದೇ ತೂಕ, ತನ್ನದೇ ವೇಗ. ತಾವು ಬರೆದ ಚೆಂಡು ಪರದೆಯ ಮೇಲೆ ಬಿದ್ದು ಪುಟಿದಾಗ ಆ ಮುಖಗಳು ಅರಳುವುದನ್ನು ನೋಡಲೆಂದೇ ನಾನು ಇನ್ನೂ ಪಾಠ ಮಾಡುತ್ತಿದ್ದೇನೆ. ಮೊನ್ನೆ ಹೊಲಿಗೆ ಅಂಗಡಿಯ ಹುಡುಗಿ ಕೂಗಿಕೊಂಡಳು: "ಮೇಡಂ, ಕೆಂಪು ಚೆಂಡು ತಳ್ಳಿದ್ರೆ ನೀಲಿದೂ ಓಡ್ತಿದೆ! ಇದಕ್ಕೇನು ದೆವ್ವ ಹಿಡಿದಿದ್ಯಾ?"

"ನಿನ್ನ ಕೈಗೆ ಸಿಕ್ಕಿದ್ಮೇಲೆ ಓಡದೆ ಇನ್ನೇನು ಮಾಡತ್ತೆ ಪಾಪ," ಎಂದ ಪಕ್ಕದವನು.

ಅವಳು ಎರಡೂ ಚೆಂಡುಗಳಿಗೆ ಬೇರೆಬೇರೆ ವೇಗ ಕೊಡುವ ಬದಲು ವೇಗದ ಒಂದೇ ಆಬ್ಜೆಕ್ಟನ್ನು ಕೊಟ್ಟುಬಿಟ್ಟಿದ್ದಳು; ಒಂದರದು ಬದಲಾದರೆ ಇನ್ನೊಂದರದೂ ಬದಲಾಗುತ್ತಿತ್ತು. ಹೆಸರು ಎರಡು, ವಸ್ತು ಒಂದು.

ನಗಬೇಡ. ನೀನು ಮಾಡಿರುವುದೂ ಅದನ್ನೇ.

ಆ ದಿನದ ಅಪಘಾತವನ್ನು ನೀನು ಪ್ರೋಗ್ರಾಮಿಗೆ ಇಳಿಸಿದ್ದನ್ನು ಎರಡೆರಡು ಸಲ ಓದಿದೆ. ಸ್ಕೂಟರು, ಅದರ ಮೇಲೆ ನೀನು ಮತ್ತು ನಿನ್ನ ತಂಗಿ ಚೂಟಿ, ಒಡೆದ ಪೈಪಿನ ನೀರು ಹರಡಿದ ರಸ್ತೆ, ತಿರುವಿನ ಗೋಡೆ, ಒಂದನ್ನೂ ಬಿಟ್ಟಿಲ್ಲ. ಕೊನೆಯಲ್ಲಿ ನಿನ್ನ ಷರಾ: "ನೋಡಿದ್ಯಾ ಅತ್ತೆ? ಗೋಡೆ ಕಂಡ ತಕ್ಷಣ ಬ್ರೇಕ್ ಹಾಕಿದ್ರೆ ಒದ್ದೆ ರಸ್ತೇಲೂ ಗಾಡಿ ನಿಲ್ತಿತ್ತು. ನಾನು ತಡ ಮಾಡ್ದೆ. ಅವಳ ಕಾಲು ಮುರಿದದ್ದು ನನ್ನಿಂದಲೇ. ಯಾವ ಮುಖ ಇಟ್ಕೊಂಡು ಮನೆಗೆ ಬರ್ಲಿ?"

ಒದ್ದೆ ರಸ್ತೆಗೊಂದು, ಒಣ ರಸ್ತೆಗೊಂದು ಎಂದು ನೀನು ಎರಡು ಸ್ಕೂಟರು ಮಾಡಿದೆ, ಸರಿ. ರಸ್ತೆಯನ್ನು ಮಾತ್ರ ಒಂದೇ ಮಾಡಿ, ಅದನ್ನೇ ಎರಡಕ್ಕೂ ಕೊಟ್ಟೆ. ಮೊದಲನೆಯದಕ್ಕಾಗಿ ಅದನ್ನು ಒದ್ದೆ ಮಾಡಿದೆ, ಎರಡನೆಯದಕ್ಕಾಗಿ ಅದನ್ನೇ ಒಣಗಿಸಿದೆ. ಆ ಸಾಲಿನಲ್ಲಿ ಮೊದಲ ಸ್ಕೂಟರಿನ ಚಕ್ರದಡಿಯ ನೀರೂ ಮಾಯವಾಯಿತು. ಮಗೂ, ನೀನು ಒದ್ದೆ ರಸ್ತೆಯ ಮೇಲೆ ಒಂದು ಸಲವೂ ಬ್ರೇಕ್ ಹಾಕಿ ನೋಡಿಯೇ ಇಲ್ಲ.

ನಾನು ಎರಡು ರಸ್ತೆ ಮಾಡಿ ಓಡಿಸಿದೆ. ತಕ್ಷಣ ಬ್ರೇಕ್ ಹಾಕಿದರೂ ಒದ್ದೆ ರಸ್ತೆಯ ಸ್ಕೂಟರು ಜಾರಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಇದನ್ನು ಓದಿ ಕುಣಿಯಲೂ ಬೇಡ. ನೀರೆಷ್ಟಿತ್ತು, ಟೈರು ಎಷ್ಟು ಸವೆದಿತ್ತು ಎಂಬುದೆಲ್ಲ ನಮ್ಮ ಊಹೆ. ಘರ್ಷಣೆಯ ಅಂಕಿಯನ್ನು ತುಸು ಏರಿಸಿದರೆ ಗಾಡಿ ಗೋಡೆಯ ಮುಂದೆ ನಿಂತರೂ ನಿಂತೀತು. ನಿನ್ನನ್ನು ನಿರಪರಾಧಿಯೆಂದು ಸಾರುವ ಶಕ್ತಿ ಈ ಪ್ರೋಗ್ರಾಮಿಗಿಲ್ಲ. ಅಪರಾಧಿಯೆಂದು ಸಾರುವ ಶಕ್ತಿಯೂ ಇರಲಿಲ್ಲ. ಹಾಗಿರುವಾಗ ಅದರ ಮಾತು ಕೇಳಿಕೊಂಡು ಹಾಸ್ಟೆಲಿನ ಕೋಣೆಯಲ್ಲಿ ಅವಿತುಕೊಂಡು ಕೂತಿದ್ದೀಯಲ್ಲ, ಇದು ಯಾವ ನ್ಯಾಯ?

ಇಲ್ಲಿ ನಿನ್ನ ಅಪ್ಪ, "ಪರೀಕ್ಷೆ ಇದೆಯಂತೆ, ಓದ್ಲಿ ಬಿಡಕ್ಕ," ಎನ್ನುತ್ತಾನೆ; ಗೇಟಿನ ಸದ್ದಾದರೆ ಮೊದಲು ಏಳುವವನೂ ಅವನೇ. ನಿನ್ನ ಅಮ್ಮ ನಿನ್ನ ಹಾಸಿಗೆಯ ಹೊದಿಕೆಯನ್ನು ವಾರವಾರವೂ ಒಗೆದು ಹಾಸುತ್ತಾಳೆ. ಯಾರೂ ಮಲಗದ ಹಾಸಿಗೆ ಅಷ್ಟೇಕೆ ಕೊಳೆಯಾಗುತ್ತದೋ ನಾನು ಕೇಳಿಲ್ಲ.

ನಿನ್ನ ಬುದ್ಧಿ ಚುರುಕಾಗಿದೆ, ಮನಸ್ಸು ಅದಕ್ಕಿಂತ ಒಳ್ಳೆಯದಾಗಿದೆ. ಎರಡನ್ನೂ ದೇವರು ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ ಹಿತವನ್ನೇ ಬಯಸುವ,
ಅತ್ತೆ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಚೂಟಿಯ ತಲೆ ಬಾಚುತ್ತಿದ್ದೆ. ಪಟ್ಟಿ ಬಿಗಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ನನ್ನ ಕಡೆ ತಿರುಗದೆಯೇ ಕೇಳಿದಳು: "ಅತ್ತೆ, ಅಣ್ಣಂಗೆ ನನ್ಮೇಲೆ ಇನ್ನೂ ಕೋಪ ಇದ್ಯಾ? ಆವತ್ತು ಅವನು ಬೇಡ ಬೇಡ ಅಂದ್ರೂ ನಾನೇ ಹಠ ಮಾಡಿ ಹೊರಡಿಸಿದ್ದು. ಅದಕ್ಕೇ ನನ್ನ ನೋಡಕ್ಕೂ ಬರ್ತಿಲ್ಲ, ಅಲ್ವಾ?" ಹಾಗೇನೂ ಇಲ್ಲವೆಂದೆ. ನಂಬಲಿಲ್ಲ. ನಾನು ಹೇಳಿದರೆ ನಂಬುವ ಮಾತಲ್ಲ ಅದು.